ಅಲಾಸ್ಕದ ಹಡಗಿನಲ್ಲಿ ನೆಗಡಿ, ಕೆಮ್ಮು

ಕ್ರೂಸ್ ಪ್ರವಾಸಿಗರನ್ನು ಹೆಚ್ಚಾಗಿ ಕಾಡುವ ಕಾಯಿಲೆಗಳಲ್ಲಿ ನೆಗಡಿ, ಕೆಮ್ಮು ಮುಖ್ಯವಾದವು. ನಾನಾ ದೇಶಗಳಿಂದ ಬಂದ ಮೂರು-ನಾಲ್ಕು ಸಾವಿರ ಪ್ರಯಾಣಿಕರು, ಸಾವಿರಕ್ಕೂ ಮಿಕ್ಕಿದ ಸಿಬ್ಬಂದಿ ಒಂದು ವಾರ ಒಂದೇ ಸೂರಿನಡಿ ಉಣ್ಣುತ್ತಾರೆ, ಒಂದೇ ಲಿಫ್ಟಿನಲ್ಲಿ ಹತ್ತಿಳಿಯುತ್ತಾರೆ, ಒಂದೇ ರಂಗಮಂದಿರದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಇವರಲ್ಲಿ ಯಾರೋ ಒಬ್ಬರು ತಂದ ವೈರಸ್ಸು ಎರಡು-ಮೂರು ದಿನಗಳಲ್ಲಿ ಹತ್ತಾರು ಜನರಿಗೆ ದಾಟುತ್ತದೆ. ಹಡಗಿನಲ್ಲಿ ಒಬ್ಬರ ನೆಗಡಿ ಅವರೊಬ್ಬರದಾಗಿ ಉಳಿಯುವುದಿಲ್ಲ. ಆದ್ದರಿಂದ ಬರದಂತೆ ನೋಡಿಕೊಳ್ಳುವುದು ಎಷ್ಟು ಮುಖ್ಯವೋ, ಬಂದ ಮೇಲೆ ಇನ್ನೊಬ್ಬರಿಗೆ ಹರಡದಂತೆ ನಡೆದುಕೊಳ್ಳುವುದೂ ಅಷ್ಟೇ ಮುಖ್ಯ.

ಅಲಾಸ್ಕ ಕ್ರೂಸ್ ಇದನ್ನು ತಿಳಿಯಲು ತಕ್ಕ ಉದಾಹರಣೆ. ಸಿಯಾಟಲ್ ಸುತ್ತಲಿನ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಬೇಸಿಗೆಯಲ್ಲಿ ಊರಿನಿಂದ ಬರುವ ತಂದೆ-ತಾಯಿಯರನ್ನು ಈ ಪ್ರವಾಸಕ್ಕೆ ಕರೆದೊಯ್ಯುವುದು ವಾಡಿಕೆ. ಹಿಮನದಿ, ತಿಮಿಂಗಿಲ, ದಟ್ಟ ಕಾಡು ಎಲ್ಲವನ್ನೂ ಹೆಚ್ಚು ನಡೆದಾಡದೆ ನೋಡಬಹುದು. ನಾವೂ ಹೀಗೆಯೇ ಹೊರಟೆವು. ಎಪ್ಪತ್ತು ದಾಟಿದ ಅತ್ತೆ-ಮಾವ, ಪ್ರೈಮರಿ ಶಾಲೆಯಲ್ಲಿ ಓದುವ ಮಗಳು ಜೊತೆಗಿದ್ದರು. ಮಾವನವರಿಗೆ ಸಕ್ಕರೆ ಕಾಯಿಲೆ, ಅತ್ತೆಗೆ ರಕ್ತದೊತ್ತಡ. ಇಂಥ ಮನೆಮಂದಿಗೆ ನೆಗಡಿಯ ವಿಷಯದಲ್ಲಿ ಯಾವ ಹಂತದಲ್ಲಿ ಯಾವ ಎಚ್ಚರ ಬೇಕು ಎಂಬುದನ್ನು ಪ್ರಯಾಣದ ದಾರಿ ಹಿಡಿದೇ ಹೇಳಬಹುದು.

ಹೊರಡುವ ಮೊದಲು

ಸಿದ್ಧತೆ ಲಸಿಕೆಯಿಂದ ಶುರುವಾಗಬೇಕು. ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ದೇಹದಲ್ಲಿ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ವಿಮಾನ ಹತ್ತುವ ಹಿಂದಿನ ದಿನ ಚುಚ್ಚಿಸಿಕೊಂಡರೆ ಪ್ರವಾಸಕ್ಕೆ ಅದು ಒದಗುವುದಿಲ್ಲ. ಅಲಾಸ್ಕದ ಕ್ರೂಸ್ ಹಂಗಾಮು ನಡೆಯುವುದು ಬೇಸಿಗೆಯಲ್ಲಿ. ಫ್ಲೂ ಚಳಿಗಾಲದ ಕಾಯಿಲೆ ಎಂದು ಆಗ ಲಸಿಕೆಯನ್ನು ಕಡೆಗಣಿಸುವವರೇ ಹೆಚ್ಚು. ಆದರೆ ಅದೇ ತಿಂಗಳುಗಳಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಚಳಿಗಾಲ. ಅಲ್ಲಿಂದ ಬಂದವರು, ಇಲ್ಲಿನವರು ಒಂದೇ ಹಡಗಿನಲ್ಲಿ ಸೇರಿದಾಗ ಕಾಲದ ಲೆಕ್ಕ ಉಳಿಯುವುದಿಲ್ಲ. 1998ರ ಬೇಸಿಗೆಯಲ್ಲಿ ಅಲಾಸ್ಕ ಮತ್ತು ಕೆನಡಾದ ಯೂಕಾನ್ ಪ್ರದೇಶದ ಪ್ರವಾಸಿಗರಲ್ಲಿ, ಪ್ರವಾಸೋದ್ಯಮದ ನೌಕರರಲ್ಲಿ ಇನ್‌ಫ್ಲುಯೆನ್ಸಾ ಎ ದೊಡ್ಡ ಪ್ರಮಾಣದಲ್ಲಿ ಹರಡಿತ್ತು. ಹಿರಿಯರು ಕೋವಿಡ್ ಮತ್ತು ನ್ಯುಮೊಕಾಕಲ್ ಲಸಿಕೆಗಳ ಬಗ್ಗೆಯೂ ತಮ್ಮ ವೈದ್ಯರನ್ನು ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಎರಡನೆಯದು ಔಷಧಿ ಚೀಲ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಕೆಲವು ಮಾಸ್ಕ್, ಮನೆಯಲ್ಲೇ ಮಾಡುವ ಕೋವಿಡ್ ಪರೀಕ್ಷೆಯ ಕಿಟ್, ಮೂಗಿಗೆ ಹಾಕುವ ಉಪ್ಪುನೀರಿನ ಸ್ಪ್ರೇ, ಗಂಟಲಿಗೆ ಚಪ್ಪರಿಸುವ ಗುಳಿಗೆ ಇದ್ದರೆ ಸಾಕು. ಆಸ್ತಮಾ ಇರುವವರು ಇನ್‌ಹೇಲರನ್ನು, ದಿನನಿತ್ಯದ ಮಾತ್ರೆ ನುಂಗುವವರು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಆಗುವಷ್ಟು ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಎಲ್ಲವೂ ಮೂಲ ಸ್ಟ್ರಿಪ್‌ನಲ್ಲಿರಲಿ, ಜೊತೆಗೆ ವೈದ್ಯರ ಚೀಟಿ ಇರಲಿ. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪಿಗೆ ಹಲವು ದೇಶಗಳಲ್ಲಿ ನಿರ್ಬಂಧವಿದೆ, ಅದನ್ನು ಒಯ್ಯದಿರುವುದೇ ಕ್ಷೇಮ. ನಮ್ಮಲ್ಲಿ ನೆಗಡಿ ಎಂದೊಡನೆ ಅಜಿತ್ರೊಮೈಸಿನ್ ನುಂಗುವವರಿದ್ದಾರೆ. ನೆಗಡಿ ವೈರಸ್ಸಿನಿಂದ ಬರುವ ಕಾಯಿಲೆ, ಆಂಟಿಬಯೋಟಿಕ್ ಅದನ್ನು ಮುಟ್ಟುವುದಿಲ್ಲ.

ಮೂರನೆಯದು ವಿಮೆ. ಹಡಗಿನ ಆಸ್ಪತ್ರೆಯ ಖರ್ಚು ಡಾಲರಿನಲ್ಲಿ ಕೋಣೆಯ ಲೆಕ್ಕಕ್ಕೆ ಸೇರುತ್ತದೆ. ಮೊದಲು ಕಟ್ಟಿ, ಆಮೇಲೆ ವಿಮೆ ಕಂಪನಿಯಿಂದ ಕೇಳಿ ಪಡೆಯುವುದು ಸಾಮಾನ್ಯ ಕ್ರಮ. ಮೊದಲೇ ಇರುವ ಕಾಯಿಲೆಗಳಿಗೆ ಪಾಲಿಸಿ ಅನ್ವಯಿಸುತ್ತದೆಯೇ, ಹಡಗಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಎಂಬ ಎರಡು ಅಂಶಗಳನ್ನು ಓದಿಯೇ ಕೊಳ್ಳಬೇಕು.

ವಿಮಾನದಲ್ಲಿ

ಕ್ರೂಸ್‌ನಲ್ಲಿ ಕಾಣಿಸಿಕೊಳ್ಳುವ ನೆಗಡಿ ಎಷ್ಟೋ ಸಲ ವಿಮಾನದಲ್ಲಿ ಅಥವಾ ವಿಮಾನ ನಿಲ್ದಾಣದಲ್ಲಿ ಅಂಟಿರುತ್ತದೆ. ಸಾಮಾನ್ಯ ನೆಗಡಿಯ ಲಕ್ಷಣ ತೋರಲು ಒಂದರಿಂದ ಮೂರು ದಿನ, ಫ್ಲೂಗೆ ಒಂದರಿಂದ ನಾಲ್ಕು ದಿನ ಹಿಡಿಯುತ್ತದೆ. ಬೆಂಗಳೂರಿನಿಂದ ಬಂದವರು ಮರುದಿನವೇ ಹಡಗು ಹತ್ತಿದರೆ ದಾರಿಯಲ್ಲಿ ತಗುಲಿದ್ದು ನಡುಗಡಲಿನಲ್ಲಿ ಹೊರಬೀಳುತ್ತದೆ. ವಯಸ್ಸಾದವರು ಅಮೆರಿಕ ತಲುಪಿ ಒಂದು ವಾರವಾದರೂ ಸುಧಾರಿಸಿಕೊಂಡು ಹೊರಡುವುದು ಇದೇ ಕಾರಣಕ್ಕೆ ಲೇಸು.

ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಬಹಳ ಕಡಿಮೆ, ಸಾಮಾನ್ಯವಾಗಿ ಶೇ. 20ಕ್ಕಿಂತ ಕೆಳಗೆ. ಮೂಗು, ಗಂಟಲು ಒಣಗುತ್ತವೆ. ಉಪ್ಪುನೀರಿನ ಸ್ಪ್ರೇ, ಆಗಾಗ ಗುಟುಕು ನೀರು ಹಿತ ಕೊಡುತ್ತವೆ. ಗಾಳಿಯನ್ನು ಸೋಸುವ ಹೆಪಾ ಫಿಲ್ಟರ್‌ಗಳು ವೈರಸ್ಸನ್ನೂ ತಡೆಯುತ್ತವೆ. ಹೆಚ್ಚಿನ ಅಪಾಯ ಇರುವುದು ಅಕ್ಕಪಕ್ಕದ, ಹಿಂದುಮುಂದಿನ ಸೀಟಿನವರಿಂದ. ಪಕ್ಕದವರು ಕೆಮ್ಮುತ್ತಿದ್ದರೆ ಮಾಸ್ಕ್ ಹಾಕಿಕೊಳ್ಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಮೂಗು ಕಟ್ಟಿದ್ದಾಗ ವಿಮಾನ ಇಳಿಯುವ ಹೊತ್ತಿಗೆ ಕಿವಿ ತೀವ್ರವಾಗಿ ನೋಯಬಹುದು. ಎಂಜಲು ನುಂಗುವುದು, ಏನಾದರೂ ಚಪ್ಪರಿಸುವುದು, ಮಕ್ಕಳನ್ನು ಆ ಹೊತ್ತಿಗೆ ಎಬ್ಬಿಸಿ ನೀರು ಕುಡಿಸುವುದು ಉಪಯುಕ್ತ.

ಹಡಗು ಹತ್ತುವ ದಿನ

ಸಿಯಾಟಲ್ ಬಂದರಿನಲ್ಲಿ ಹತ್ತುವ ದಿನವೇ ಅತಿ ಹೆಚ್ಚು ನೂಕುನುಗ್ಗಲು. ಸರದಿಸಾಲು, ಭದ್ರತಾ ತಪಾಸಣೆ, ಲಿಫ್ಟಿನ ಮುಂದಿನ ಗುಂಪು ಎಲ್ಲವೂ ಮುಚ್ಚಿದ ಜಾಗಗಳಲ್ಲಿ. ಹತ್ತುವ ಮುನ್ನ ಆರೋಗ್ಯದ ಪ್ರಶ್ನಾವಳಿಗೆ ಉತ್ತರಿಸಬೇಕಾಗಬಹುದು. ಜ್ವರ, ಕೆಮ್ಮು ಇದ್ದರೆ ಮುಚ್ಚಿಡಬಾರದು. ಹೇಳಿದರೆ ವೈದ್ಯರು ನೋಡಿ ತೀರ್ಮಾನಿಸುತ್ತಾರೆ, ಹೇಳದಿದ್ದರೆ ಆ ಹಡಗಿನಲ್ಲಿ ಬರುವ ಕೀಮೋಥೆರಪಿಯ ರೋಗಿಗೋ ಬಸುರಿಗೋ ಅಪಾಯ ತಂದಂತಾಗುತ್ತದೆ.

ಊಟದ ಬಫೆಯ ಬಾಗಿಲಲ್ಲಿ ಕೈತೊಳೆಯುವ ತೊಟ್ಟಿಗಳಿದ್ದವು. ಪಕ್ಕದಲ್ಲಿ ನಿಂತ ಸಿಬ್ಬಂದಿ ‘ವಾಶಿ ವಾಶಿ’ ಎಂದು ರಾಗವಾಗಿ ಹಾಡುತ್ತ ಪ್ರತಿಯೊಬ್ಬರನ್ನೂ ಅತ್ತ ಕಳಿಸುತ್ತಿದ್ದರು. ಮಗಳಿಗೆ ಆ ಹಾಡು ಎಷ್ಟು ಹಿಡಿಸಿತೆಂದರೆ ಕೋಣೆಯಿಂದ ಹೊರಟಾಗಲೆಲ್ಲ ಅವಳೇ ಅದನ್ನು ಹಾಡಿ ಅಜ್ಜ-ಅಜ್ಜಿಯ ಕೈ ತೊಳೆಸುತ್ತಿದ್ದಳು. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯುವುದು ಸ್ಯಾನಿಟೈಸರಿಗಿಂತ ಮೇಲು. ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ನೆಗಡಿ, ಫ್ಲೂ ವೈರಸ್ಸುಗಳ ಮೇಲೆ ಕೆಲಸ ಮಾಡಿದರೂ ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೋರೋವೈರಸ್ಸು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಬಫೆಯ ಸೌಟು, ಮೆಟ್ಟಿಲ ಕಟಾಂಜನ, ಲಿಫ್ಟಿನ ಗುಂಡಿ ಮುಟ್ಟಿದ ಕೈ ಮುಖಕ್ಕೆ ಹೋಗದಿದ್ದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಗಾಳಿಯದು. ಕೆಮ್ಮು, ಮಾತು, ನಗೆಯಲ್ಲಿ ಹೊರಬೀಳುವ ಸಣ್ಣ ಹನಿಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತ ಉಳಿಯುತ್ತವೆ. ತೆರೆದ ಡೆಕ್ಕಿನಲ್ಲಿ ಕ್ಷಣದಲ್ಲಿ ಚದುರಿಹೋಗುತ್ತವೆ. ಆದ್ದರಿಂದ ತಿಂಡಿ-ಊಟಕ್ಕೆ ಗದ್ದಲದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗುವುದು, ಕಾಲಿಗೆ ಶಕ್ತಿ ಇರುವವರು ಮೆಟ್ಟಿಲು ಬಳಸುವುದು, ಹರಟೆಗೆ ಹೊರಗಿನ ಡೆಕ್ಕನ್ನು ಆರಿಸಿಕೊಳ್ಳುವುದು ಸುಲಭವಾಗಿ ಮಾಡಬಹುದಾದ ಕೆಲಸಗಳು.

ಕಡಲ ಮೇಲೆ ಮೊದಲ ದಿನ

ಸಿಯಾಟಲ್‌ನಿಂದ ಉತ್ತರಕ್ಕೆ ಹೋಗುವ ಹಡಗುಗಳು ಅನೇಕ ಸಲ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುತ್ತವೆ. ಅಲ್ಲಿ ಹಡಗು ತೂಗಾಡುತ್ತದೆ, ತಲೆ ಸುತ್ತುತ್ತದೆ. ಕಡಲ ವಾಕರಿಕೆಗೆ ಕೊಡುವ ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಮಾತ್ರೆಗಳು ಆಂಟಿಹಿಸ್ಟಮಿನ್ ಗುಂಪಿಗೆ ಸೇರಿದವು. ನೆಗಡಿಯ ಸಂಯುಕ್ತ ಮಾತ್ರೆಗಳಲ್ಲೂ ಕ್ಲೋರ್‌ಫೆನಿರಮಿನ್‌ನಂಥ ಅದೇ ಗುಂಪಿನ ಔಷಧಿ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದ ಹಿರಿಯರಿಗೆ ವಿಪರೀತ ತೂಕಡಿಕೆ, ಗಲಿಬಿಲಿ, ಮೂತ್ರ ಕಟ್ಟುವ ತೊಂದರೆ ಬರಬಹುದು. ತೂಗುವ ಹಡಗಿನಲ್ಲಿ ಅರೆನಿದ್ದೆಯಲ್ಲಿ ಎದ್ದು ಬಿದ್ದರೆ ಮೂಳೆ ಮುರಿಯುತ್ತದೆ. ಒಂದು ಹೊತ್ತಿಗೆ ಒಂದೇ ಎಂಬ ನಿಯಮ ಒಳ್ಳೆಯದು.

ಊರಿನಿಂದ ಬಂದವರಲ್ಲಿ ನೀರು ಬದಲಾದರೆ ನೆಗಡಿ ಎಂಬ ನಂಬಿಕೆ ಗಟ್ಟಿಯಾಗಿದೆ. ಹಡಗಿನ ಕುಡಿಯುವ ನೀರನ್ನು ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿಯೇ ಕೊಡುತ್ತಾರೆ, ನೆಗಡಿ ಅದರಿಂದ ಬರುವುದಿಲ್ಲ. ತಂಪು ಹವೆಯೂ ತಾನಾಗಿ ನೆಗಡಿ ತರಲಾರದು, ವೈರಸ್ಸು ಬೇಕೇ ಬೇಕು. ಆದರೆ ತಣ್ಣನೆಯ ಒಣ ಗಾಳಿ ಮೂಗಿನ ಒಳಪೊರೆಯ ರಕ್ಷಣೆಯನ್ನು ಕುಗ್ಗಿಸುತ್ತದೆ, ಜೊತೆಗೆ ಎಲ್ಲರನ್ನೂ ಬಾಗಿಲು ಮುಚ್ಚಿದ ಒಳಾಂಗಣಕ್ಕೆ ತಳ್ಳುತ್ತದೆ. ಚಳಿಗೂ ನೆಗಡಿಗೂ ನಂಟು ಬೆಳೆದದ್ದು ಈ ದಾರಿಯಿಂದ.

ಜುನೋ: ನೆಗಡಿ ಬಂದಾಗ

ಅಲಾಸ್ಕದ ರಾಜಧಾನಿ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗಿನಲ್ಲಿ ಇಲ್ಲವೇ ವಿಮಾನದಲ್ಲಿ ಬರಬೇಕು. ಜುಲೈಯಲ್ಲೂ ಹಗಲಿನ ಉಷ್ಣಾಂಶ 17-18 ಡಿಗ್ರಿಯ ಆಸುಪಾಸು. ಹಡಗು ಇಲ್ಲಿಗೆ ತಲುಪುವ ಹೊತ್ತಿಗೆ ಮಾವನವರ ಗಂಟಲು ಕೆರೆಯುತ್ತಿತ್ತು, ಮೂಗು ಸೋರುತ್ತಿತ್ತು. ಜ್ವರವಿರಲಿಲ್ಲ. ಕೋವಿಡ್ ಕಿಟ್ ಒಂದೇ ಗೆರೆ ತೋರಿತು. ಮೆಂಡೆನ್‌ಹಾಲ್ ಹಿಮನದಿಗೆ ಹೋಗುವ ಬಸ್ಸು ತುಂಬಿರುತ್ತದೆ, ತಿಮಿಂಗಿಲ ತೋರಿಸುವ ದೋಣಿಯ ಕೋಣೆ ಇಕ್ಕಟ್ಟು. “ನನಗೋಸ್ಕರ ನೀವ್ಯಾಕೆ ನಿಲ್ತೀರಿ, ಮಗೂನ ಕರ್ಕೊಂಡು ಹೋಗ್ಬನ್ನಿ” ಎಂದು ಮಾವನವರೇ ಕೋಣೆಯಲ್ಲಿ ಉಳಿದರು. ಮೊದಲ ಎರಡು-ಮೂರು ದಿನ ವೈರಸ್ಸು ಅತಿ ಹೆಚ್ಚು ಹರಡುವ ಕಾಲ. ಆಗ ಗುಂಪಿನಿಂದ ದೂರ ಉಳಿಯುವುದಕ್ಕಿಂತ ದೊಡ್ಡ ಉಪಕಾರ ಸಹಪ್ರಯಾಣಿಕರಿಗೆ ಇನ್ನೊಂದಿಲ್ಲ. ಜ್ವರವಿದ್ದರಂತೂ ಜ್ವರದ ಮಾತ್ರೆಯಿಲ್ಲದೆಯೂ ಜ್ವರ ಬಾರದೆ 24 ಗಂಟೆ ಕಳೆಯುವ ತನಕ ಹೊರಬರಬಾರದು. ಊಟವನ್ನು ಕೋಣೆಗೇ ತರಿಸಿಕೊಳ್ಳಬಹುದು.

ನೆಗಡಿಯನ್ನು ಗುಣಪಡಿಸುವ ಔಷಧಿ ಇಲ್ಲ, ಅದರ ಬಾಧೆ ತಗ್ಗಿಸುವ ಉಪಾಯಗಳಷ್ಟೇ ಇವೆ. ಏಳರಿಂದ ಹತ್ತು ದಿನದಲ್ಲಿ ಅದು ತಾನೇ ಇಳಿಯುತ್ತದೆ. ವಿಶ್ರಾಂತಿ, ಸಾಕಷ್ಟು ಬಿಸಿ ದ್ರವ, ಬೆಚ್ಚಗಿನ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು ಮೊದಲ ಚಿಕಿತ್ಸೆ. ಹಡಗಿನ ಕೋಣೆಗೆ ವಿದ್ಯುತ್ ಕೆಟಲ್ ಒಯ್ಯಲು ಬೆಂಕಿಯ ಭಯದಿಂದ ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಬಫೆಯಲ್ಲಿ ಚಹಾಕ್ಕೆಂದು ಬಿಸಿನೀರಿನ ನಲ್ಲಿ ಇದ್ದೇ ಇರುತ್ತದೆ. ಅತ್ತೆ ಊರಿನಿಂದ ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಹುರಿದು ಪುಡಿ ಮಾಡಿಸಿ ತಂದಿದ್ದರು. ಬೆಳಗಿನ ಜಾವ ಬಫೆಯಲ್ಲಿ ಜನ ಸೇರುವ ಮೊದಲೇ ಹೋಗಿ ಫ್ಲಾಸ್ಕಿಗೆ ನೀರು ತುಂಬಿಸಿ, ಅಲ್ಲಿನ ಜೇನಿನ ಪೊಟ್ಟಣ, ನಿಂಬೆ ಹೋಳು ತಂದು ಕಷಾಯ ಬೆರೆಸುತ್ತಿದ್ದರು. ಮಾವನವರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಅವರ ಲೋಟಕ್ಕೆ ಜೇನು ಬೀಳುತ್ತಿರಲಿಲ್ಲ. ಕಷಾಯ ವೈರಸ್ಸನ್ನು ಕೊಲ್ಲುವುದಿಲ್ಲ, ಆದರೆ ಗಂಟಲಿಗೆ ಹಿತ, ದೇಹಕ್ಕೆ ನೀರು ಎರಡನ್ನೂ ಕೊಡುತ್ತದೆ. ಜೇನು ಕೆಮ್ಮನ್ನು ತಗ್ಗಿಸುತ್ತದೆ ಎಂಬುದಕ್ಕೆ ವೈದ್ಯಕೀಯ ಅಧ್ಯಯನಗಳ ಆಧಾರವೂ ಇದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಭಯವಿದೆ.

ಬೋಗುಣಿಯಲ್ಲಿ ಕುದಿನೀರಿಟ್ಟು ಹಬೆ ತೆಗೆದುಕೊಳ್ಳುವುದು ತೂಗುವ ಹಡಗಿನಲ್ಲಿ ಅಪಾಯ. ಬಚ್ಚಲಿನ ಬಾಗಿಲು ಹಾಕಿ ಬಿಸಿನೀರಿನ ಶವರ್ ಬಿಟ್ಟು ಅದರ ಆವಿಯಲ್ಲಿ ಸ್ವಲ್ಪ ಹೊತ್ತು ಕೂರುವುದು ಅದಕ್ಕಿಂತ ಸುರಕ್ಷಿತ. ಜಲನೇತಿ ಅಭ್ಯಾಸವಿರುವವರು ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಹಾಕಬಾರದು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಮಿದುಳು ತಿನ್ನುವ ಅಮೀಬಾ ಸೋಂಕಿನಿಂದ ತೀರಿಕೊಂಡರು. ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಬೇಕು.

ಸ್ಕಾಗ್ವೇ: ನೆಗಡಿಯೋ, ಫ್ಲೂವೋ

ಸ್ಕಾಗ್ವೇ 1890ರ ದಶಕದ ಚಿನ್ನದ ಬೇಟೆಯ ಊರು. 1898ರಲ್ಲಿ ಆರಂಭಿಸಿ 1900ರಲ್ಲಿ ಪೂರೈಸಿದ ವೈಟ್ ಪಾಸ್ ಮತ್ತು ಯೂಕಾನ್ ರೈಲು ಇಲ್ಲಿಂದ ಬೆಟ್ಟ ಹತ್ತುತ್ತದೆ. ಕಡಲ ಮಟ್ಟದಿಂದ ಸುಮಾರು 2,865 ಅಡಿ ಎತ್ತರದ ಕಣಿವೆದಾರಿಗೆ ಒಯ್ಯುವ ಪುಟ್ಟ ಗಾಡಿ ಅದು. ಚಳಿಗೆ ಕಿಟಕಿಗಳನ್ನು ಮುಚ್ಚಿದಾಗ ಬೋಗಿಯೊಳಗೆ ಒಬ್ಬರ ಕೆಮ್ಮು ಎಲ್ಲರಿಗೂ ಹಂಚಿಕೆಯಾಗುತ್ತದೆ. ಬೋಗಿಯ ತುದಿಯಲ್ಲಿರುವ ತೆರೆದ ಕಟ್ಟೆಯಲ್ಲಿ ನಿಂತರೆ ನೋಟವೂ ಚೆನ್ನ, ಗಾಳಿಯೂ ಶುದ್ಧ.

ನೆಗಡಿ ಮೆಲ್ಲಗೆ ಬರುತ್ತದೆ. ಮೊದಲು ಗಂಟಲ ಕೆರೆತ, ಆಮೇಲೆ ಸೀನು, ಸೋರುವ ಮೂಗು, ಕೊನೆಗೆ ಕೆಮ್ಮು. ಫ್ಲೂ ಏಕಾಏಕಿ ಎರಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿಜ್ವರ, ತಲೆನೋವು, ಮೈಕೈ ನೋವು, ಒಣಕೆಮ್ಮಿನಿಂದ ಹಾಸಿಗೆ ಹಿಡಿಯುತ್ತಾರೆ. ಈ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ಫ್ಲೂಗೆ ಔಷಧಿಯುಂಟು. ಒಸೆಲ್ಟಾಮಿವಿರ್ ಅನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ ಸಿಗುತ್ತದೆ. ಅರವತ್ತೈದು ದಾಟಿದವರು, ಬಸುರಿಯರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶದ ತೊಂದರೆ ಇರುವವರು ನಾಳೆ ನೋಡೋಣ ಎಂದು ಕಾಯದೆ ಅಂದೇ ಹಡಗಿನ ವೈದ್ಯರನ್ನು ಕಾಣಬೇಕು.

ಹಡಗಿನ ಆಸ್ಪತ್ರೆ ಸಾಮಾನ್ಯವಾಗಿ ಕೆಳಗಿನ ಡೆಕ್ಕಿನಲ್ಲಿರುತ್ತದೆ. ವೈದ್ಯರು, ನರ್ಸುಗಳು, ಎಕ್ಸ್‌ರೇ, ರಕ್ತ ಪರೀಕ್ಷೆ, ಆಮ್ಲಜನಕದ ವ್ಯವಸ್ಥೆ ದೊಡ್ಡ ಹಡಗುಗಳಲ್ಲಿ ಇರುತ್ತವೆ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿದರೆ, ಮಾತು ಗಲಿಬಿಲಿಯಾದರೆ, ಜ್ವರ ಮೂರು ದಿನ ಮೀರಿದರೆ, ಇಳಿದ ಜ್ವರ ಮತ್ತೆ ಏರಿದರೆ ರಾತ್ರಿಯಾದರೂ ಕೋಣೆಯ ಫೋನಿನಿಂದ ಕರೆ ಮಾಡಬೇಕು. ಅಮೆರಿಕದ ಬಂದರಿಗೆ ಬರುವ ಹಡಗಿನ ಕ್ಯಾಪ್ಟನ್ ಜ್ವರದೊಂದಿಗೆ ಉಸಿರಾಟದ ತೊಂದರೆ ಇರುವವರ ಬಗ್ಗೆ ಅಧಿಕಾರಿಗಳಿಗೆ ವರದಿ ಮಾಡಬೇಕೆಂಬ ನಿಯಮವಿದೆ. ರೋಗಿಯನ್ನು ದಂಡಿಸಲು ಮಾಡಿದ ನಿಯಮವಲ್ಲ ಅದು, ಉಳಿದವರ ರಕ್ಷಣೆಗೆ ಮಾಡಿದ್ದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ತಡೆದು ನಿಲ್ಲಿಸಿದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಕೊರೊನಾ ತಗುಲಿತ್ತು. ಆ ಹಡಗಿನಲ್ಲಿ ಭಾರತೀಯರೂ ಇದ್ದರು, ಅವರಲ್ಲಿ ಹೆಚ್ಚಿನವರು ಸಿಬ್ಬಂದಿ. ಪ್ರಯಾಣಿಕರು ಇಳಿದು ಮನೆಗೆ ಹೋಗುತ್ತಾರೆ, ಸಿಬ್ಬಂದಿ ಮುಂದಿನ ವಾರದ ಜನರಿಗಾಗಿ ಅದೇ ಹಡಗಿನಲ್ಲಿ ಉಳಿಯುತ್ತಾರೆ. ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯುವುದು, ಕೋಣೆ ಗುಡಿಸಲು ಬಂದವರ ಮುಂದೆ ಮಾಸ್ಕ್ ಧರಿಸುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ಗ್ಲೇಷಿಯರ್ ಬೇ: ಚಳಿಗಾಳಿಯಲ್ಲಿ

ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಉದ್ಯಾನದ ರೇಂಜರ್‌ಗಳು ಹಡಗಿಗೇ ಹತ್ತಿ ವಿವರಣೆ ಕೊಡುತ್ತಾರೆ. ನೀಲಿ ಹಿಮದ ಗೋಡೆಯಿಂದ ಬಂಡೆಗಾತ್ರದ ತುಂಡು ಕಳಚಿ ನೀರಿಗೆ ಬೀಳುವಾಗ ಗುಡುಗಿದಂತೆ ಸದ್ದಾಗುತ್ತದೆ. ಮಾವನವರು ಕೋಣೆಯ ಬಾಲ್ಕನಿಯಲ್ಲೇ ಕಂಬಳಿ ಹೊದ್ದು, ಕಿವಿಗೆ ಉಣ್ಣೆಯ ಮಫ್ಲರ್ ಸುತ್ತಿ, ಫ್ಲಾಸ್ಕ್ ಪಕ್ಕಕ್ಕಿಟ್ಟುಕೊಂಡು ಇಷ್ಟನ್ನೂ ನೋಡಿದರು. ರೇಂಜರರ ಮಾತು ಕೋಣೆಯ ಟಿ.ವಿ.ಯಲ್ಲಿ ಕೇಳುತ್ತಿತ್ತು. ಹಿರಿಯರಿರುವ ಕುಟುಂಬ ಬಾಲ್ಕನಿಯ ಕೋಣೆ ಹಿಡಿದರೆ ಕಾಯಿಲೆ ಬಿದ್ದ ದಿನವೂ ಪ್ರವಾಸ ನಷ್ಟವಾಗುವುದಿಲ್ಲ.

ಚಳಿಗಾಳಿಗೆ ನಿಂತಾಗ ಆರೋಗ್ಯವಂತರ ಮೂಗೂ ಸೋರುತ್ತದೆ. ಒಳಗೆ ಬಂದು ಹತ್ತು ನಿಮಿಷದಲ್ಲಿ ನಿಂತುಹೋದರೆ ಅದು ಸೋಂಕಲ್ಲ, ಮಾತ್ರೆ ಬೇಕಿಲ್ಲ. ಆಸ್ತಮಾ ಇರುವವರಿಗೆ ಮಾತ್ರ ತಣ್ಣನೆಯ ಗಾಳಿ ಉಬ್ಬಸ ಕೆರಳಿಸಬಹುದು. ಅವರು ಬಾಯಿ-ಮೂಗಿಗೆ ಬಟ್ಟೆ ಸುತ್ತಿ, ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡು ನಿಲ್ಲಬೇಕು.

ಚಳಿಯಿಂದ ಒಳಬಂದವರನ್ನು ಸೆಳೆಯುವುದು ಬಿಸಿನೀರಿನ ತೊಟ್ಟಿ. 1994ರಲ್ಲಿ ನ್ಯೂಯಾರ್ಕ್‌ನಿಂದ ಬರ್ಮುಡಕ್ಕೆ ಹೋಗುತ್ತಿದ್ದ ಹಡಗೊಂದರಲ್ಲಿ ಅಂಥ ತೊಟ್ಟಿಗಳಿಂದಲೇ ಲೀಜನೇರ್ಸ್ ಕಾಯಿಲೆ ಹರಡಿತ್ತು. ಲೀಜನೆಲ್ಲಾ ಬ್ಯಾಕ್ಟೀರಿಯಾ ಇರುವ ನೀರಿನ ಸಣ್ಣ ತುಂತುರನ್ನು ಉಸಿರಾಡಿದಾಗ ಬರುವ ನ್ಯುಮೋನಿಯಾ ಅದು. ಸರಿಯಾದ ಆಂಟಿಬಯೋಟಿಕ್ ಬೇಕಾಗುವ ಕಾಯಿಲೆ. ನಂತರದ ವರ್ಷಗಳಲ್ಲಿ ತೊಟ್ಟಿಗಳ ಶುದ್ಧೀಕರಣದ ನಿಯಮಗಳು ಬಿಗಿಯಾಗಿವೆ. ಆದರೂ ಧೂಮಪಾನಿಗಳು, ಶ್ವಾಸಕೋಶ ದುರ್ಬಲವಾಗಿರುವ ಹಿರಿಯರು ಇದರಿಂದ ದೂರವಿರುವುದು ಒಳಿತು.

ಅಲಾಸ್ಕದ ಚರಿತ್ರೆಯಲ್ಲೇ ಹಡಗು ತಂದ ಉಸಿರಾಟದ ಕಾಯಿಲೆಯ ನೋವಿನ ಪುಟವೊಂದಿದೆ. 1918ರ ಅಕ್ಟೋಬರ್‌ನಲ್ಲಿ ಸಿಯಾಟಲ್‌ನಿಂದ ಹೊರಟ ವಿಕ್ಟೋರಿಯಾ ಎಂಬ ಉಗಿಹಡಗು ನೋಮ್ ಊರಿಗೆ ಬಂದ ಮೇಲೆ ಆ ಭಾಗದಲ್ಲಿ ಇನ್‌ಫ್ಲುಯೆನ್ಸಾ ಹಬ್ಬಿತು. ಬ್ರೆವಿಗ್ ಮಿಷನ್ ಎಂಬ ಪುಟ್ಟ ಹಳ್ಳಿಯಲ್ಲಿ ನವೆಂಬರ್‌ನ ಐದೇ ದಿನಗಳಲ್ಲಿ 80 ವಯಸ್ಕರಲ್ಲಿ 72 ಮಂದಿ ಸತ್ತರು. ಹೆಪ್ಪುಗಟ್ಟಿದ ನೆಲದಲ್ಲಿದ್ದ ಅವರ ಸಮಾಧಿಯಿಂದ 1997ರಲ್ಲಿ ರೋಗಶಾಸ್ತ್ರಜ್ಞ ಯೋಹಾನ್ ಹುಲ್ಟಿನ್ ತೆಗೆದ ಮಾದರಿಗಳು ಆ ವೈರಸ್ಸಿನ ರಚನೆಯನ್ನು ತಿಳಿಯಲು ನೆರವಾದವು. ಪ್ರವಾಸಿಗರು ಸಣ್ಣ ಊರುಗಳ ಬಂದರಿನಲ್ಲಿ ಇಳಿಯುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಕೆಚಿಕನ್: ಔಷಧಿ ಅಂಗಡಿಯಲ್ಲಿ

ಕೆಚಿಕನ್ ಮಳೆಯ ಊರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಹೆಚ್ಚುಕಡಿಮೆ ಮಂಗಳೂರಿನಷ್ಟೇ. ಆದರೆ ಮಂಗಳೂರಿನ ಮಳೆಗೆ ಈ ಕೊರೆತವಿಲ್ಲ. ನೀರು ಹಿಡಿಯದ ಜಾಕೆಟ್, ಬದಲಿಸಲು ಒಣ ಸಾಕ್ಸ್ ಜೊತೆಗಿರಬೇಕು.

ಇಂಥ ಬಂದರಿನ ಅಂಗಡಿಗಳಲ್ಲಿ ನೆಗಡಿ ಮಾತ್ರೆಗಳು ಹೇರಳ. ಕೊಳ್ಳುವಾಗ ಡಬ್ಬಿಯ ಮೇಲಿನ ಘಟಕಗಳನ್ನು ಓದಲೇಬೇಕು. ಅಮೆರಿಕದಲ್ಲಿ ಅಸಿಟಮಿನೋಫೆನ್ ಎಂದು ಬರೆದಿರುವುದು ನಮ್ಮ ಪ್ಯಾರಾಸಿಟಮಾಲ್. ಡೋಲೊ ನುಂಗಿ, ಮೇಲೆ ಅಲ್ಲಿನ ನೆಗಡಿ ಮಾತ್ರೆ ತೆಗೆದುಕೊಂಡರೆ ಅದೇ ಔಷಧಿ ಎರಡು ಪಾಲು ಸೇರಿ ಯಕೃತ್ತಿಗೆ ಪೆಟ್ಟು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಹಿರಿಯರಿಗೆ ಇನ್ನೂ ಕಡಿಮೆ ಇರುವುದು ಕ್ಷೇಮ. ಮೂಗು ಬಿಡಿಸುವ ಸೂಡೊಎಫಿಡ್ರಿನ್ ರಕ್ತದೊತ್ತಡ ಏರಿಸುತ್ತದೆ, ಅತ್ತೆಯಂಥವರಿಗೆ ಅದು ಸಲ್ಲದು. ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸದೆ ಅದನ್ನು ಕೊಡುವುದೂ ಇಲ್ಲ. ಅದರ ಬದಲು ಕಪಾಟಿನಲ್ಲಿ ಸಿಗುವ ಫಿನೈಲ್‌ಎಫ್ರಿನ್ ಮಾತ್ರೆಯಿಂದ ಕಟ್ಟಿದ ಮೂಗು ಬಿಡುವುದಿಲ್ಲವೆಂದು 2023ರಲ್ಲಿ ಅಮೆರಿಕದ ಔಷಧ ಆಡಳಿತದ ತಜ್ಞರ ಸಮಿತಿ ತೀರ್ಮಾನಿಸಿತು. ಆಕ್ಸಿಮೆಟಜೋಲಿನ್ ಸ್ಪ್ರೇ ಬೇಗ ಕೆಲಸ ಮಾಡುತ್ತದೆ, ಆದರೆ ಮೂರು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಸಂಯುಕ್ತ ಔಷಧಿ ಬೇಡ. ಭಾರತದ ಔಷಧ ನಿಯಂತ್ರಕರೂ 2023ರ ಡಿಸೆಂಬರ್‌ನಲ್ಲಿ ಕ್ಲೋರ್‌ಫೆನಿರಮಿನ್-ಫಿನೈಲ್‌ಎಫ್ರಿನ್ ಮಿಶ್ರಣವನ್ನು ಆ ವಯಸ್ಸಿನವರಿಗೆ ಕೊಡಬಾರದೆಂದು ಸೂಚಿಸಿದ್ದಾರೆ. ವಿಟಮಿನ್ ಸಿ ಗುಳಿಗೆಯನ್ನು ನೆಗಡಿ ಬಂದ ಮೇಲೆ ನುಂಗುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಮರಳುವಾಗ

ಸಿಯಾಟಲ್‌ನಿಂದ ಹೊರಟ ಹಡಗುಗಳು ಹಿಂದಿರುಗುವ ದಾರಿಯಲ್ಲಿ ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ತಂಗುತ್ತವೆ. ಅಷ್ಟರಲ್ಲಿ ಮಾವನವರ ಮೂಗು ತಿಳಿಯಾಗಿತ್ತು, ಕೆಮ್ಮು ಉಳಿದಿತ್ತು. ನೆಗಡಿ ಹೋದ ಮೇಲೂ ಕೆಮ್ಮು ಎರಡು-ಮೂರು ವಾರ ಉಳಿಯುವುದು ಸಹಜ. ಅದಕ್ಕೂ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ವೈದ್ಯರನ್ನು ಕಾಣಬೇಕು. ಕೊನೆಯ ದಿನಗಳಲ್ಲಿ ಅಂಟಿದ ಸೋಂಕು ಮನೆ ತಲುಪಿದ ಮೇಲೆ ಹೊರಬೀಳುತ್ತದೆ. ಲೀಜನೆಲ್ಲಾಗೆ 14 ದಿನಗಳವರೆಗೂ ಸಮಯ ಹಿಡಿಯಬಹುದು. ಆದ್ದರಿಂದ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೆ ಹಡಗಿನಲ್ಲಿ ಹೋಗಿಬಂದದ್ದನ್ನು, ಬಿಸಿನೀರಿನ ತೊಟ್ಟಿಯಲ್ಲಿ ಇಳಿದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಪರೀಕ್ಷೆ, ಔಷಧಿ ಎರಡೂ ಅದನ್ನು ಆಧರಿಸಿ ಬದಲಾಗುತ್ತವೆ. ಮನೆಯಲ್ಲಿ ಎಳೆಗೂಸು ಅಥವಾ ಹಾಸಿಗೆ ಹಿಡಿದ ಹಿರಿಯರಿದ್ದರೆ ಮೊದಲ ಕೆಲವು ದಿನ ಮೈಯಲ್ಲಿ ಏನೂ ಇಲ್ಲವೆಂದು ಖಚಿತವಾಗುವ ತನಕ ಅವರನ್ನು ತೀರ ಹತ್ತಿರದಿಂದ ಮುದ್ದಿಸದೆ, ಕೈ ತೊಳೆದು ಮಾತನಾಡಿಸಬೇಕು.